ಹನ್ನೊಂದನೆಯ ತಿರುವಿನ ಐದು ಕಲ್ಲು

ಟೊಕ್.

ರಾತ್ರಿ ಒಂದೂವರೆಗೆ ನೀಲಗಂಗಾಳ ಕಿವಿಗೆ ಬಿದ್ದದ್ದು ಇಷ್ಟೇ. ಮಲಗಿದವರಿಗೆ ಎಚ್ಚರವಾಗದಿರಲಿ ಎಂದು ಯಾರೋ ಅಡುಗೆಮನೆಯ ಕಟ್ಟೆಯ ಮೇಲೆ ಒಳಕಲ್ಲಿನ ಗುಂಡನ್ನು ಮೆಲ್ಲಗೆ ಇಟ್ಟಂಥ ಸದ್ದು. ಆದರೆ ಅದು ಬಂದದ್ದು ಅರವತ್ತು ಕಿಲೋಮೀಟರ್ ದೂರದಿಂದ, ಬಾರೆಗದ್ದೆ ಘಟ್ಟದ ಹನ್ನೊಂದನೆಯ ತಿರುವಿನಿಂದ. ಅಲ್ಲಿ ಸಂಜೆಯಿಂದ ಆಕಾಶವೇ ಹರಿದಂತೆ ಮಳೆ ಸುರಿಯುತ್ತಿತ್ತು.

ಅವಳು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಳು. ಮಳೆಯ ಸದ್ದು ಬಾಣಲೆಯಲ್ಲಿ ಶೇಂಗಾ ಹುರಿದಂತೆ ಒಂದೇ ಸಮ ಕೇಳುತ್ತಿತ್ತು. ಅದರಡಿ ಮತ್ತೇನೂ ಇರಲಿಲ್ಲ.

"ಕಸ ಗುಡಿಸೋ ಹೊತ್ತಾಯ್ತಾ ಮೇಡಂ?" ಎದುರಿನ ಮೇಜಿನಿಂದ ಮುಕುಂದ ಶಾನಭಾಗ ಕೇಳಿದ. ಕುಮಟೆಯ ಕಡೆಯವನು. ಇವಳ ಜೊತೆ ನಾಲ್ಕು ವರ್ಷದಿಂದ ರಾತ್ರಿಪಾಳಿ ಮಾಡುತ್ತಿದ್ದ. ಫ್ಲಾಸ್ಕಿನ ಚಹಾ ಮುಗಿಯುವವರೆಗೂ ಅವನ ಕುಚೋದ್ಯ ಮುಗಿಯುತ್ತಿರಲಿಲ್ಲ.

"ಏನಿಲ್ಲ" ಎಂದಳು. ಖಾತ್ರಿಯಾಗುವ ತನಕ ಇಂಥವನ್ನು ಬಾಯಿಬಿಟ್ಟು ಹೇಳಬಾರದೆಂದು ಅವಳು ಕಲಿತಿದ್ದಳು.

ಬಾರೆಗದ್ದೆ ರಸ್ತೆಗೆ ಕಿವಿ ಬಂದು ಆರು ವರ್ಷವಾಗಿತ್ತು. ಡಾಂಬರಿನ ಕೆಳಗೆ ಒಂದು ಮೊಳ ಆಳದಲ್ಲಿ, ಕೂದಲೆಳೆಯಷ್ಟು ಸಪೂರವಾದ ಗಾಜಿನ ತಂತಿಯನ್ನು ಘಟ್ಟದ ನೆತ್ತಿಯಿಂದ ಬುಡದವರೆಗೆ ಇಪ್ಪತ್ತೆರಡು ಕಿಲೋಮೀಟರ್ ಹೂಳಿದ್ದರು. ಅದರೊಳಗೆ ಸೆಕೆಂಡಿಗೆ ಸಾವಿರ ಸಲ ಬೆಳಕನ್ನು ಬಿಡುತ್ತಾರೆ. ಮೇಲೆ ಚಕ್ರ ಉರುಳಿದರೆ ನೆಲ ನಡುಗುತ್ತದೆ, ನೆಲ ನಡುಗಿದರೆ ಗಾಜು ತುಸುವೇ ತುಸು ಹಿಗ್ಗುತ್ತದೆ, ಹಿಗ್ಗಿದ ಜಾಗದಿಂದ ಬೆಳಕು ಸ್ವಲ್ಪ ಬದಲಾಗಿ ಹಿಂದಿರುಗುತ್ತದೆ. ಆ ಬದಲಾವಣೆಯನ್ನು ಕಲಘಟಗಿಯ ಹತ್ತಿರದ ಈ ಕೇಂದ್ರದಲ್ಲಿ ಯಂತ್ರವೊಂದು ಸದ್ದಾಗಿ ಓದಿಕೊಳ್ಳುತ್ತದೆ. ಇಷ್ಟೇ ಗುಟ್ಟು. ಯಾವ ಲಾರಿಯ ಯಾವ ಟೈರಿನಲ್ಲಿ ಗಾಳಿ ಕಡಿಮೆಯಿದೆ ಎಂಬುದೂ ರಸ್ತೆಗೆ ಗೊತ್ತಾಗುತ್ತಿತ್ತು. ಪ್ರತಿ ಗಾಡಿಯಲ್ಲೂ ಅಂಗೈಯಗಲದ ಒಂದು ಪೆಟ್ಟಿಗೆ ಕಡ್ಡಾಯ. ಅದರ ಮೂಲಕ ಕೇಂದ್ರದವರು ಚಾಲಕರ ಜೊತೆ ಮಾತಾಡಬಹುದು, ಅಪಾಯವಿದ್ದರೆ ತಾವೇ ವೇಗ ತಗ್ಗಿಸಬಹುದು. ಮಂಜಿನಲ್ಲಿ ಮುಂದಿನ ಗಾಡಿ ಕಣ್ಣಿಗೆ ಕಾಣದಿದ್ದರೂ ರಸ್ತೆ ಅದನ್ನು ಕೇಳಿಸಿಕೊಂಡಿರುತ್ತಿತ್ತು. ವರ್ಷಕ್ಕೆ ನಲವತ್ತು ಜನ ಸಾಯುತ್ತಿದ್ದ ಘಟ್ಟದಲ್ಲಿ ಈಗ ಒಬ್ಬರೋ ಇಬ್ಬರೋ.

ಹಾಗೆ ಸತ್ತವರಲ್ಲಿ ಒಬ್ಬರ ಹೆಸರು ನೀಲಗಂಗಾಳಿಗೆ ಬಾಯಿಪಾಠವಾಗಿತ್ತು.

ಯಾವುದು ಮುಖ್ಯವಾದ ಸದ್ದು, ಯಾವುದು ಕಸ ಎಂದು ಯಂತ್ರಕ್ಕೆ ಮೊದಲ ವರ್ಷ ಕಲಿಸಿದವರಲ್ಲಿ ಅವಳೂ ಒಬ್ಬಳು. ಆಗ ಎಲ್ಲರ ತಲೆ ತಿಂದದ್ದು ಕಲ್ಲುಗಳು. ಘಟ್ಟದಲ್ಲಿ ಗಾಡಿ ಕೆಟ್ಟು ನಿಂತರೆ ಚಾಲಕರು ಮಾಡುವ ಮೊದಲ ಕೆಲಸವೆಂದರೆ ಹಿಂದೆ ರಸ್ತೆಯ ಮೇಲೆ ನಾಲ್ಕೈದು ಕಲ್ಲು ಸಾಲಾಗಿ ಇಡುವುದು, ಪಕ್ಕದ ಗಿಡದಿಂದ ಸೊಪ್ಪಿನ ಟೊಂಗೆ ಮುರಿದು ಅದರ ನಡುವೆ ನಿಲ್ಲಿಸುವುದು. ಓದು ಬಾರದವನಿಗೂ ಅರ್ಥವಾಗುವ ಫಲಕ ಅದು. ತೊಂದರೆಯೆಂದರೆ ಗಾಡಿ ಸರಿಯಾದ ಮೇಲೆ ಕಲ್ಲನ್ನು ಅಲ್ಲೇ ಬಿಟ್ಟು ಹೊರಟುಬಿಡುತ್ತಿದ್ದರು. ಇಟ್ಟ ಕಲ್ಲಿಗೊಮ್ಮೆ, ಮುಂದಿನ ಗಾಡಿಯ ಚಕ್ರ ಅದನ್ನು ಒದ್ದಾಗಲೊಮ್ಮೆ ಕೇಂದ್ರದ ಗಂಟೆ ಹೊಡೆದುಕೊಳ್ಳುತ್ತಿತ್ತು. ಒಂದು ರಾತ್ರಿಗೆ ನಲವತ್ತು ಸಲ. ಮೇಲಿನವರು ರೇಗಿದರು. ನೀಲಗಂಗಾ ಒಂದು ವಾರ ಕೂತು, ಎರಡು ಸಾವಿರಕ್ಕೂ ಮಿಕ್ಕ ಕಲ್ಲಿನ ಸದ್ದುಗಳನ್ನು ಒಂದೊಂದಾಗಿ ಕೇಳಿ, ಎಲ್ಲದರ ಮೇಲೂ 'ಕಸ' ಎಂದು ಗುರುತು ಹಾಕಿದಳು. ಗಂಟೆ ನಿಂತಿತು. ಅವಳಿಗೆ ಶಾಬಾಸ್ ಸಿಕ್ಕಿತು.

ಎರಡು ವರ್ಷದ ಹಿಂದೆ ಆಷಾಢದ ಮಂಜಿನಲ್ಲಿ ಹತ್ತಿ ತುಂಬಿದ ಲಾರಿಯೊಂದರ ಆಕ್ಸಲ್ ಆರನೆಯ ತಿರುವಿನಲ್ಲಿ ಮುರಿಯಿತು. ಬ್ಯಾಟರಿ ಸತ್ತು ಪೆಟ್ಟಿಗೆಯೂ ಸತ್ತಿತ್ತು. ನಿಂತ ಲಾರಿ ಸದ್ದು ಮಾಡುವುದಿಲ್ಲ. ರಸ್ತೆಯ ಪಾಲಿಗೆ ಅದು ಇಲ್ಲವೇ ಇಲ್ಲ. ಚಾಲಕ ಕಲ್ಲು ಇಟ್ಟ. ಯಂತ್ರ ಕೇಳಿಸಿಕೊಂಡಿತು, ಕಲಿಸಿದ ಪಾಠದಂತೆ ಕಸಕ್ಕೆ ಹಾಕಿತು. ದಾರಿ ಖಾಲಿಯಿದೆ ಎಂದು ಪೆಟ್ಟಿಗೆ ಹೇಳಿದ್ದನ್ನು ನಂಬಿ ಬಂದ ಕಾರಿನಲ್ಲಿ ವಾಮನ ಪಟಗಾರ ಎಂಬ ಹೈಸ್ಕೂಲು ಮಾಸ್ತರರು ಇದ್ದರು.

ಯಾರ ತಪ್ಪೂ ಇಲ್ಲವೆಂದು ವಿಚಾರಣೆಯ ವರದಿ ಹೇಳಿತು. ನೀಲಗಂಗಾ ಮಾತ್ರ ಕಸದ ಕಡತ ತೆಗೆದು ಆ ರಾತ್ರಿಯ ಸದ್ದನ್ನು ಕೇಳಿದಳು. ಟೊಕ್. ಟೊಕ್. ಟೊಕ್. ಒಂದೊಂದೂ ಸ್ಪಷ್ಟವಾಗಿತ್ತು. ಕಲ್ಲಿನ ಸದ್ದನ್ನು ಕಸದಿಂದ ತೆಗೆಯಿರಿ ಎಂದು ಮೂರು ಸಲ ಬರೆದುಕೊಟ್ಟಳು. ಮತ್ತೆ ರಾತ್ರಿಗೆ ನಲವತ್ತು ಸಲ ಗಂಟೆ ಕೇಳಲು ಯಾರಿಗೂ ಮನಸ್ಸಿರಲಿಲ್ಲ. ಅಂದಿನಿಂದ ಪ್ರತಿ ಪಾಳಿಯಲ್ಲೂ ಅವಳು ಕಸದ ವಾಹಿನಿಗೆ ಕಿವಿಗೊಟ್ಟು ಕೂರತೊಡಗಿದಳು. ಕಳೆದ ಕಾರ್ತಿಕದಲ್ಲಿ ಹೀಗೇ ಏನೋ ಕೇಳಿ ರಸ್ತೆ ಮುಚ್ಚಿಸಿದ್ದಳು. ನೋಡಿದರೆ ಮರದಿಂದ ಬಿದ್ದ ಕಾಯಿ. ದೊಡ್ಡವರೊಬ್ಬರ ಕಾರು ಐವತ್ತು ನಿಮಿಷ ನಿಂತಿತ್ತು. 'ಇನ್ನೊಮ್ಮೆ ಹೀಗಾದರೆ ಸೇವೆಯಿಂದ ಬಿಡುಗಡೆ' ಎಂಬ ಕಾಗದ ಅವಳ ಮೇಜಿನ ಖಾನೆಯಲ್ಲಿತ್ತು. ಮನೆಯಲ್ಲಿ ಕಣ್ಣು ಮಂಜಾದ ಅಪ್ಪ, ಅವನ ಔಷಧಿ, ಬಾಡಿಗೆ. ದುಡಿಯುವವಳು ಇವಳೊಬ್ಬಳೇ.

ಟೊಕ್.

ಎರಡನೆಯದು. ಬಿದ್ದ ವಸ್ತು ಪುಟಿಯುತ್ತದೆ, ಉರುಳುತ್ತದೆ, ಒಂದು ಸದ್ದಿಗೆ ಮೂರು ಸದ್ದು ಮಾಡುತ್ತದೆ. ಇದು ಒಮ್ಮೆ ಕೂತು ಸುಮ್ಮನಾಯಿತು. ಇದು ಬಿದ್ದದ್ದಲ್ಲ, ಇಟ್ಟದ್ದು.

ಆದರೆ ಇಟ್ಟವರು ಯಾರು? ಹನ್ನೊಂದನೆಯ ತಿರುವಿನಲ್ಲಿ ಒಂದು ಗಂಟೆಯಿಂದ ಯಾವ ಗಾಡಿಯೂ ನಿಂತಿರಲಿಲ್ಲ, ಹಾದದ್ದೂ ಇಲ್ಲ. ಮನುಷ್ಯರು ನಡೆದರೆ ತಪ್ ತಪ್ ಎಂದು ಕೇಳುತ್ತದೆ, ಬರಿಗಾಲಾದರೂ ಕೇಳುತ್ತದೆ. ಇಲ್ಲಿ ಹೆಜ್ಜೆಯೇ ಇಲ್ಲ. ಪರದೆಯ ತಳದಲ್ಲಿ ಮಾತ್ರ ಉದ್ದನೆಯ ಮೆತ್ತನೆಯ ಅಲೆಯೊಂದು ಏಳುತ್ತಿತ್ತು, ಇಳಿಯುತ್ತಿತ್ತು. ನೆಲದ ಮೇಲೆ ಯಾರೋ ದಿಂಬು ಒತ್ತಿ ತೆಗೆದಂತೆ. ಅದನ್ನು ಕಿವಿಯಿಂದ ಕೇಳಲಾಗುತ್ತಿರಲಿಲ್ಲ, ಕಣ್ಣಿನಿಂದ ನೋಡಬಹುದಿತ್ತು ಅಷ್ಟೇ.

ಮೂರನೆಯದು. ಇದು ಭಾರವಾದ ಕಲ್ಲು.

"ಶಾನಭಾಗರೇ, ಘಟ್ಟದಲ್ಲಿ ಈಗ ಯಾರು ಇಳೀತಿದ್ದಾರೆ?"

"ಮೌಲಾಸಾಬನ ಬಸ್ಸು, ಏಳನೇ ತಿರುವು ದಾಟಿದೆ. ಮೂವತ್ತೆಂಟು ಜನ. ಹಿಂದೆ ಒಂದು ಕಾರು. ಯಾಕೆ?"

"ಹನ್ನೊಂದರಲ್ಲಿ ಯಾರೋ ಕಲ್ಲು ಇಡ್ತಿದ್ದಾರೆ."

ಶಾನಭಾಗ ಚಹಾದ ಲೋಟ ಕೆಳಗಿಟ್ಟ. ಅವಳ ಪರದೆಯನ್ನೂ ತನ್ನ ಪರದೆಯನ್ನೂ ನೋಡಿದ. "ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ ಮಾರಾಯ್ರೆ. ಮಣ್ಣಿನ ತೇವ ನೋಡೋ ಕಡ್ಡಿಗಳೂ ಹಸಿರು ತೋರಿಸ್ತಿವೆ. ಯಂತ್ರ ಸುಮ್ಮನಿದೆ. ನಿಮಗೆ ಮತ್ತೊಂದು ಕಾಗದ ಬೇಕಾ?"

ನಾಲ್ಕನೆಯದು.

ಬಸ್ಸು ಎಂಟನೆಯ ತಿರುವಿನಲ್ಲಿತ್ತು. ಇನ್ನು ಐದು ನಿಮಿಷ. ನೀಲಗಂಗಾಳ ಬೆರಳು ರಸ್ತೆ ಮುಚ್ಚಿಸುವ ಕೆಂಪು ಗುಂಡಿಯ ಮೇಲೆ ಇತ್ತು, ಒತ್ತುತ್ತಿರಲಿಲ್ಲ. ಕಾಯಿ ಇರಬಹುದು. ಕಲ್ಲು ಜಾರಿರಬಹುದು. ಖಾನೆಯಲ್ಲಿನ ಕಾಗದದ ಅಕ್ಷರಗಳು ಕಣ್ಣ ಮುಂದೆ ಬಂದವು. ಅದರ ಹಿಂದೆಯೇ ವಾಮನ ಪಟಗಾರ ಎಂಬ ಹೆಸರು ಬಂತು.

ಟೊಕ್.

ಐದನೆಯದು. ಆಮೇಲೆ ಹಸಿ ಟೊಂಗೆ ಮುರಿದ ಸದ್ದು, ಅದರ ಎಲೆಗಳು ಡಾಂಬರನ್ನು ಸವರಿದ ಸದ್ದು.

ಅವಳು ಗುಂಡಿ ಒತ್ತಿದಳು.

"ಮೌಲಾಸಾಬ್ರ, ಕೇಂದ್ರದಿಂದ ಮಾತಾಡಾಕತ್ತೀನಿ. ಎಲ್ಲಿ ಅದೀರಿ?"

ಮಳೆಯ ಗದ್ದಲದ ನಡುವೆ ಗಡಸು ದನಿ ಕೇಳಿತು. "ನಾ ಎಲ್ಲಿ ಅದೀನಿ ಅಂತ ನಿಮಗ ಗೊತ್ತಿಲ್ಲಂದ್ರ ನನಗ ಹೆಂಗ ಗೊತ್ತಿರತೈತ್ರೀ ಅಕ್ಕಾರ? ಮುಂದ ವೈಪರ್ ಬಿಟ್ರ ಮತ್ತೇನೂ ಕಾಣವಲ್ದು."

"ಹನ್ನೊಂದನೇ ತಿರುವಿನ್ಯಾಗ ರಸ್ತೆ ಮ್ಯಾಲ ಕಲ್ಲ ಅದಾವ. ಗಾಡಿ ನಿಧಾನ ಮಾಡಕೋತ ಬರ್ರಿ. ದೊಡ್ಡ ಲೈಟ್ ಬ್ಯಾಡ, ಮಳಿಗೆ ಬಡದು ನಿಮ್ಮ ಕಣ್ಣಿಗೇ ಹೊಳೀತೈತಿ. ಕೆಳಗಿನ ಲೈಟ್ ಸಾಕು. ಬ್ರೇಕ್ ಒಮ್ಮಿಗೇ ತುಳೀಬ್ಯಾಡ್ರಿ, ಗೇರ್ ಮ್ಯಾಲ ಇಳಸ್ರಿ."

"ಇಪ್ಪತ್ತೆಂಟ ವರ್ಸ ಸ್ಟೇರಿಂಗ್ ಹಿಡದ ಮ್ಯಾಲ ಗಾಡಿ ಹೊಡ್ಯಾಕ ಕಲಸಾಕತ್ತೀರೇನ್ರೀ? ಲಾರಿ ಹೊಡದ ಫಕ್ಕೀರಪ್ಪಜ್ಜನ ಮಗಳು ಅಂತ ಸುಮ್ಮನದೀನಿ." ಹಾಗೆಂದರೂ ಎಂಜಿನ್ನಿನ ದನಿ ತಗ್ಗಿದ್ದು ನೆಲದೊಳಗಿನಿಂದ ಅವಳಿಗೆ ಕೇಳಿಸಿತು. ಹಿಂದಿನ ಕಾರಿಗೂ ಅವಳು ಎಚ್ಚರಿಕೆ ಕೊಟ್ಟಳು.

ಬಸ್ಸು ಒಂಬತ್ತನೆಯ ತಿರುವು ದಾಟಿತು, ಹತ್ತನ್ನೂ ದಾಟಿತು.

"ಕಲ್ಲ ಕಂಡ್ವು ಅಕ್ಕಾರ." ಮೌಲಾಸಾಬನ ದನಿ ಬೇರೆಯೇ ಆಗಿತ್ತು. "ನಿಂದ್ರಿಸೀನಿ. ಐದ ಅದಾವ್ರಿ. ಸಾಲಾಗಿ... ಎಷ್ಟ್ ಚಂದ ಇಟ್ಟಾರ್ರೀ. ನಡುವ ಟೊಂಗಿ ಐತಿ. ಆದ್ರ ಇಲ್ಲಿ ಗಾಡಿ ಇಲ್ಲ, ಮಂದಿ ಇಲ್ಲ. ಕಲ್ಲ ಇಟ್ಟಾರ ಎಲ್ಲಿ ಹೋದ್ರು?"

ಅವಳು ಉತ್ತರ ಕೊಡುವ ಮೊದಲೇ ನೆಲದಲ್ಲಿ ಉದ್ದನೆಯ ಸಿಳ್ಳೆಯಂಥ ಸದ್ದು ಬಂತು. ಹಿಂದಿನ ಕಾರು. ಪೆಟ್ಟಿಗೆ ಬ್ರೇಕು ಹಾಕಿತ್ತು, ಆದರೆ ಕಾರು ಜೋರಿನಲ್ಲಿತ್ತು. ಚಕ್ರಕ್ಕೂ ರಸ್ತೆಗೂ ನಡುವೆ ನೀರಿನ ಹಾಳೆ ಸೇರಿಕೊಂಡಿತು. ಆ ಹಾಳೆಯ ಮೇಲೆ ಕಾರು ದೋಣಿಯಂತೆ ತೇಲುತ್ತಾ ಬಂದು ಬಸ್ಸಿನ ಹಿಂಭಾಗಕ್ಕೆ ಬಡಿದು, ತಿರುಗಿ ತಡೆಗೋಡೆಗೆ ಆತು ನಿಂತಿತು.

"ಯಾ ಅಲ್ಲಾ! ಅಕ್ಕಾರ, ಹಿಂದ ಯಾರೋ ಗುದ್ದಿದ್ರು!"

ನೀಲಗಂಗಾಳ ದನಿ ನಡುಗಲಿಲ್ಲ. ಅವಳ ಸ್ವಭಾವವೇ ಹಾಗೆ: ಆಗುವ ತನಕ ಹೆದರಿಕೆ, ಆದ ಮೇಲೆ ಕೆಲಸ.

"ಮೊದಲ ನಿಮ್ಮ ಎಂಜಿನ್ ಬಂದ್ ಮಾಡ್ರಿ, ನಾಲ್ಕೂ ಕಡಿ ಮಿಣುಕೋ ದೀಪ ಹಚ್ರಿ. ಪೆಟ್ಟಿಗಿ ಕಳಚಿ ಕೈಯಾಗ ಹಿಡಕೋರಿ. ಮಂದೀನ ಇಳಸಿ ಹಿಂದಕ ಮ್ಯಾಲಕ ನಡಸ್ರಿ, ನೂರ ಹೆಜ್ಜಿ. ಎರಡೂ ಗಾಡಿ ನಡುವ ಒಬ್ರೂ ನಿಂದ್ರಬಾರ್ದು. ಗುಡ್ಡಕ್ಕ ಆತು ನಿಂದ್ರಬ್ಯಾಡ ಅನ್ರಿ."

"ಮೊಬೈಲ್ ಹಿಡಕೊಂಡು ಫೋಟೋ ತಗ್ಯಾಕ ಹೊಂಟಾರ್ರೀ ಇವ್ರು! ಏ ತಮ್ಮಾ, ನಿಮ್ಮವ್ವನ ಮದವಿ ನಡದೈತೇನ ಇಲ್ಲಿ? ನಡಿ ಹಿಂದಕ!"

ಕಾರಿನೊಳಗಿನಿಂದ ಹೆಂಗಸಿನ ದನಿ ಕೇಳಿತು. ತಾನು ವತ್ಸಲಾ ಎಂದಳು. ಹಣೆಯಿಂದ ರಕ್ತ ಬರುತ್ತಿದೆ, ಯಜಮಾನರ ಕಾಲು ಸಿಕ್ಕಿಕೊಂಡಿದೆ, ಅವರು ಅದನ್ನು ಎಳೆದು ತೆಗೆಯಲು ನೋಡುತ್ತಿದ್ದಾರೆ.

"ಅವರಿಗೆ ಹೇಳಿ, ಕಾಲು ಎಳೀಬೇಡಿ ಅಂತ. ಕುತ್ತಿಗೆ ಅಲ್ಲಾಡಿಸೋದು ಬೇಡ. ನೀವು ಒಣಬಟ್ಟೆ ಹಣೆಗೆ ಒತ್ತಿ ಹಿಡೀರಿ, ತೆಗೆದು ತೆಗೆದು ನೋಡಬೇಡಿ. ನೀರು ಕುಡಿಸಬೇಡಿ."

"ನಿಧಾನ ಹೋಗಿ ಅಂತ ಮನೆ ಬಿಟ್ಟಾಗಿಂದ ಹೇಳ್ತಾ ಇದ್ದೀನಮ್ಮ ಇವರಿಗೆ, ಪೆಟ್ಟಿಗೆ ನೋಡ್ಕೊಳ್ಳತ್ತೆ ಅಂತಾರೆ!"

"ಆಮೇಲೆ ಬೈಯುವಿರಂತೆ. ಈಗ ಅವರ ಜೊತೆ ಮಾತಾಡ್ತಾ ಇರಿ."

ಮೌಲಾಸಾಬ ಜಾಕು ಹಾಕಿ ಸೀಟಿನ ಕಬ್ಬಿಣ ಎತ್ತಿದ. ಯಜಮಾನರನ್ನು ಬಸ್ಸಿನ ಬೆಂಚಿನ ಹಲಗೆಯ ಮೇಲೆ ಮಲಗಿಸಿ ನಾಲ್ವರು ಹಿಂದಕ್ಕೆ ಸಾಗಿಸಿದರು. "ಇನ್ನೊಂದ ಕೆಲಸ ಮೌಲಾಸಾಬ್ರ" ಎಂದಳು ನೀಲಗಂಗಾ. "ಕಾರಿನ ಹಿಂದ ನಲವತ್ತ ಹೆಜ್ಜಿ ಮ್ಯಾಲ ಕಲ್ಲ ಇಟ್ಟ ಬರ್ರಿ."

"ಈಗ ಮಿಷನ್ ಐತೆಲ್ರೀ."

"ಇರಲಿ. ಇಡ್ರಿ."

ಅವನು ಇಟ್ಟ. ತಪ್ ತಪ್ ಟೊಕ್. ತಪ್ ತಪ್ ಟೊಕ್. ಮನುಷ್ಯ ಇಟ್ಟ ಕಲ್ಲು ಹೇಗೆ ಕೇಳುತ್ತದೆ ಎಂದು ಆಗ ಅವಳಿಗೆ ಪಕ್ಕಪಕ್ಕದಲ್ಲೇ ಗೊತ್ತಾಯಿತು.

ಅವನು ಜನರ ಬಳಿಗೆ ಹಿಂದಿರುಗಿದ ಹೊತ್ತಿಗೆ ಹೆಡ್‌ಫೋನಿನಲ್ಲಿ ಮಳೆಗಿಂತಲೂ ಕೆಳಗಿನ ದನಿಯೊಂದು ಹುಟ್ಟಿತು. ಅದು ಸದ್ದೆನ್ನುವುದಕ್ಕಿಂತ ಒಂದು ಒತ್ತಡ. ದೊಡ್ಡ ಬಾಗಿಲೊಂದು ನೆಲದಡಿ ತೆರೆದುಕೊಳ್ಳುತ್ತಿರುವ ಹಾಗೆ. ಶಾನಭಾಗ ಎದ್ದು ನಿಂತ. ಹಸಿರು ದೀಪಗಳು ಒಂದೇ ಸಲಕ್ಕೆ ಕೆಂಪಾದವು. ಗಾಜಿನ ತಂತಿ ಚೀರಿತು. ಆಮೇಲೆ ಹನ್ನೊಂದನೆಯ ತಿರುವಿನಿಂದ ಕೆಳಗೆ, ಹನ್ನೊಂದು ಕಿಲೋಮೀಟರ್ ಉದ್ದಕ್ಕೂ, ಏನೂ ಇಲ್ಲ. ರಸ್ತೆ ಅಲ್ಲಿಂದ ಕಿವುಡಾಗಿತ್ತು.

"ಮೌಲಾಸಾಬ್ರ?"

ಅವಳು ಹೆಡ್‌ಫೋನಿನ ದನಿ ಏರಿಸಿದಳು.

"ಮೌಲಾಸಾಬ್ರ!"

"ಅದೀವ್ರಿ." ದನಿ ಪಿಸುಮಾತಾಗಿತ್ತು. "ಎಲ್ಲಾರೂ ಅದೀವಿ. ಗುಡ್ಡ ಹೋತ್ರಿ. ರಸ್ತೆ ಹೋತು. ಕಲ್ಲಿನ ಮುಂದ... ಏನೂ ಇಲ್ಲ ಅಕ್ಕಾರ. ಬರೀ ಗಾಳಿ ಐತಿ."

ಪೆಟ್ಟಿಗೆಯಿಂದ ಮಳೆಯ ಸದ್ದಷ್ಟೇ ಬರುತ್ತಿತ್ತು. ಶಾನಭಾಗ ತನ್ನ ಪಾಲಿನ ಚಹಾವನ್ನು ಅವಳ ಮುಂದೆ ಇಟ್ಟ.

ಬೆಳಗಾದ ಮೇಲೆ ತಂತಿ ಜೋಡಿಸುವವರ ಜೀಪಿನಲ್ಲಿ ಅವಳೂ ಹೋದಳು. ಮಳೆ ಹನಿಯುತ್ತಿತ್ತು. ಬಸ್ಸನ್ನೂ ಕಾರನ್ನೂ ಆಗಲೇ ಮೇಲಕ್ಕೆ ಎಳೆದಿದ್ದರು, ಜನ ಹೋಗಿದ್ದರು. ರಸ್ತೆ ಒಂದು ಜಾಗದವರೆಗೆ ಬಂದು, ಬ್ರೆಡ್ಡಿನ ತುಂಡು ಕಚ್ಚಿ ತೆಗೆದಂತೆ, ನಿಂತುಹೋಗಿತ್ತು. ಆಚೆ ಕೆಂಪು ಮಣ್ಣಿನ ಗೋಡೆ, ಕೆಳಗೆ ಮಂಜು. ಅವಳು ಆ ಅಂಚಿನಿಂದ ಕಲ್ಲಿನ ಸಾಲಿನವರೆಗೆ ಹೆಜ್ಜೆ ಹಾಕಿ ಎಣಿಸಿದಳು. ಮೂವತ್ತೊಂಬತ್ತು.

ಐದೂ ಕಲ್ಲು ಹಾಗೆಯೇ ಇದ್ದವು. ಎರಡು ಚಿಕ್ಕವು, ಎರಡು ದೊಡ್ಡವು. ನಡುವಿನದನ್ನು ಅವಳು ಕಾಲಿನಿಂದ ನೂಕಿದಳು, ಬಗ್ಗಿ ಎರಡೂ ಕೈಯಿಂದ ನೂಕಿದಳು. ಅದು ಅಲುಗಲಿಲ್ಲ. ಇಬ್ಬರು ಗಟ್ಟಿ ಆಳುಗಳಿಗೂ ಆಗದ ಕಲ್ಲು. ಟೊಂಗೆ ತೋಳಿನಷ್ಟು ದಪ್ಪ. ಅದರ ಬುಡದಲ್ಲಿ ಕುಡುಗೋಲಿನ ಗಾಯವಿರಲಿಲ್ಲ, ತಿರುವಿ ಮುರಿದ ನಾರು ಇತ್ತು.

"ಯಾರೋ ಹಳ್ಳಿಯವ್ರು ಪುಣ್ಯಾತ್ಮರು" ಎಂದ ತಂತಿಯ ಮೇಸ್ತ್ರಿ, ತನ್ನ ಕೆಲಸದಲ್ಲಿ ಮುಳುಗಿ.

ಗುಡ್ಡದ ಬದಿಯಲ್ಲಿ ಬಿದಿರುಮೆಳೆಯ ಅಡಿ, ಮಳೆ ನೇರ ಬೀಳದ ಜಾಗದಲ್ಲಿ, ಮಣ್ಣು ಮೆತ್ತಗಿತ್ತು. ಅಲ್ಲಿ ಮೊರದಷ್ಟು ಅಗಲದ ದುಂಡನೆಯ ಗುರುತು. ಪಕ್ಕದಲ್ಲಿ ಊಟದ ತಟ್ಟೆಯಷ್ಟು ಅಗಲದ್ದು ಇನ್ನೆರಡು. ಒಳಗೆ ನೀರು ನಿಂತು ಆಕಾಶ ಕಾಣುತ್ತಿತ್ತು.

ನೀಲಗಂಗಾ ಕುಕ್ಕರುಗಾಲಿನಲ್ಲಿ ಕೂತಳು. ಆನೆಯ ಪಾದದೊಳಗೆ ಮೆತ್ತೆಯಿರುತ್ತದೆ, ಅಷ್ಟು ಭಾರವೂ ಸದ್ದಿಲ್ಲದೆ ನಡೆಯುತ್ತದೆ ಎಂದು ಅವಳು ಬಿ.ಎಸ್‌ಸಿ. ಓದುವಾಗ ಕೇಳಿದ್ದಳು. ಅದು ಅದೇ ಪಾದದಿಂದ ಕೇಳಿಸಿಕೊಳ್ಳುತ್ತದೆ ಎಂದೂ, ಹರದಾರಿ ದೂರದ ನೆಲದ ನಡುಕ ಕಾಲಿನ ಮೂಳೆ ಹತ್ತಿ ಅದರ ಕಿವಿಗೆ ಹೋಗುತ್ತದೆ ಎಂದೂ ಕೇಳಿದ್ದಳು. ಹಸಿರು ದೀಪಗಳಿಗೆ ಗೊತ್ತಾಗುವ ಅರ್ಧ ಗಂಟೆ ಮೊದಲೇ ಗುಡ್ಡದ ಮಾತು ಇಲ್ಲಿ ಯಾರಿಗೋ ತಿಳಿದಿತ್ತು. ತಿಳಿದವರು ಸುಮ್ಮನೆ ಮರಿ ಕರೆದುಕೊಂಡು ಮೇಲೆ ಹೋಗಬಹುದಾಗಿತ್ತು. ತಾನು ಈಗ ಜೋರಾಗಿ ಉಸಿರಾಡಬಾರದು ಎನ್ನಿಸಿತು, ದೊಡ್ಡವರ ಮನೆಯ ಪಡಸಾಲೆಯಲ್ಲಿ ನಿಂತಾಗ ಅನ್ನಿಸುವ ಹಾಗೆ.

ಆದರೆ ಕಲ್ಲು? ಕಲ್ಲಿಡುವುದನ್ನು ಕಲಿಸಿದವರು ಯಾರು?

ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಅಪ್ಪ ಫಕ್ಕೀರಪ್ಪ ರೇಡಿಯೋ ಕಿವಿಗೆ ಹಚ್ಚಿಕೊಂಡು ಬಾಗಿಲಲ್ಲೇ ಕೂತಿದ್ದ. ನಲವತ್ತು ವರ್ಷ ಆ ಘಟ್ಟದಲ್ಲಿ ಲಾರಿ ಹೊಡೆದವನು.

"ಬಂದೇನವಾ? ರೊಟ್ಟಿ ಮುಚ್ಚಿಟ್ಟೀನಿ, ಪುಂಡಿಪಲ್ಯ ಐತಿ. ಮೊದಲ ತಿನ್ನು."

ತಿನ್ನುತ್ತಾ ಕೇಳಿದಳು: "ಅಪ್ಪಾ, ಘಟ್ಟದಾಗ ನೀ ಆನಿ ನೋಡೀ ಏನು?"

"ನೋಡದ ಏನು? ಹನ್ನೊಂದನೇ ತಿರುವಿನ್ಯಾಗ ಅವರ ದಾರಿ ಐತಿ. ನಮ್ಮ ರಸ್ತೆ ಆಗೂಕಿಂತ ಮದಲಿಂದು." ಅಪ್ಪ ರೇಡಿಯೋ ಸಣ್ಣ ಮಾಡಿದ. "ನೀ ಹುಟ್ಟಿದ ವರ್ಸ. ಮಂಜ ಅಂದ್ರ ಮಂಜ. ಮುಂದಿನ ಲಾರಿಯಾಂವ ಒಂದ ಮರಿಗೆ ಬಡದು ಓಡಿ ಹೋದ. ಮರಿ ನಡು ರಸ್ತೆದಾಗ ಬಿದ್ದೈತಿ, ಅದರ ತಾಯಿ ಮ್ಯಾಲ ನಿಂತೈತಿ. ಹಿಂದಿಂದ ಗಾಡಿ ಬರೂವು ಬರಾಕತ್ತಾವ. ಏನ್ ಮಾಡ್ತಿ?"

"ಏನ್ ಮಾಡಿದ್ರಿ?"

"ಮಾಡೂದೇನ, ಗಾಡಿ ಕೆಟ್ರ ಏನ್ ಮಾಡ್ತೀವಿ? ಆ ಕಡಿ ಐದ ಕಲ್ಲ, ಈ ಕಡಿ ಐದ ಕಲ್ಲ, ನಡುವ ಟೊಂಗಿ. ನಾನು, ದೊಡವಾಡದ ಗದಿಗೆಪ್ಪ. ಹದಿನೈದ ಲಾರಿ ಎಂಜಿನ್ ಬಂದ್ ಮಾಡಿ ನಿಂತ್ವು, ಬೆಳತನಾ. ಒಬ್ಬಾಂವ ಹಾರ್ನ್ ಹೊಡೀಲಿಲ್ಲ. ಆಕಿ ನಮ್ಮನ್ನ ನೋಡಕೋತ ನಿಂತಿದ್ಲು. ನೋಡೂದಂದ್ರ ಹೆಂಗ... ನಮ್ಮ ಸಾಲಿ ಮಾಸ್ತರ ನೋಡ್ತಿದ್ರಲ್ಲ, ಹಂಗ. ಹೊತ್ತ ಮೂಡೂ ಮುಂದ ಮರಿ ಎದ್ದ ನಿಂತು ಹೋತು. ನಾವು ಕಲ್ಲ ತಗದ ಬದಿಗಿಟ್ವಿ. ಅವಾಗ್ಲೂ ಆಕಿ ಮೆಳಿಯೊಳಗ ನಿಂತಿದ್ಲು, ಕಡೀ ಕಲ್ಲ ತಗಿಯೂತನಾ." ಅಪ್ಪ ನಕ್ಕ. "ನಿಮ್ಮವ್ವಗ ಹೇಳಿದ್ರ, ಕುಡದ ಬಂದೀ ಏನು ಅಂದ್ಲು. ಯಾಕ ಕೇಳಿದಿ?"

"ಸುಮ್ಮನ ಕೇಳಿದೆ."

ಆ ವಾರ ಕೇಂದ್ರದಲ್ಲಿ ಹಬ್ಬದ ಸಡಗರ. ಮುಖ್ಯಸ್ಥರಾದ ಹಂಪಿಹೊಳಿ ಸಾಹೇಬರು ಖಾನೆಯಲ್ಲಿದ್ದ ಕಾಗದವನ್ನು ಅವಳೆದುರೇ ಹರಿದರು. ಕಲ್ಲಿನ ಸದ್ದನ್ನು ಕಸದಿಂದ ತೆಗೆದು ಮೊದಲ ದರ್ಜೆಯ ಎಚ್ಚರಿಕೆಗೆ ಸೇರಿಸಲು ಆಜ್ಞೆಯಾಯಿತು. ಅದನ್ನು ಅವಳೇ ಕೂತು ಮಾಡಿದಳು. ಎರಡು ಸಾವಿರಕ್ಕೂ ಮಿಕ್ಕ ಗುರುತುಗಳನ್ನು ಒಂದೊಂದಾಗಿ ಅಳಿಸಿದಳು.

"ಕಲ್ಲು ಇಟ್ಟವರು ಯಾರು ಅಂತ ಗೊತ್ತಾದರೆ ಸನ್ಮಾನ ಮಾಡೋಣ" ಎಂದರು ಸಾಹೇಬರು. "ಏನಾದರೂ ಸುಳಿವು ಸಿಕ್ಕಿತೇ? ವರದಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೀರಿ."

ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರೇ ಮೇಜಿನ ಮೇಲಿನ ಇನ್ನೊಂದು ಕಡತ ಸರಿಸುತ್ತಾ ಅಂದರು: "ಅಂದ ಹಾಗೆ, ಆ ತಿರುವಿನಲ್ಲಿ ರಸ್ತೆಗೆ ಅಡ್ಡ ಬರೋ ಆನೆ ಹಿಂಡಿದೆಯಲ್ಲ, ಅದನ್ನ ಹಿಡಿದು ಬಿಡಾರಕ್ಕೆ ಸಾಗಿಸಬೇಕು ಅಂತ ಬಸ್ಸಿನ ಮಾಲೀಕರು ಅರ್ಜಿ ಕೊಟ್ಟಿದ್ದಾರೆ. ರಸ್ತೆಗೆ ಅವು ಅಡಚಣೆ ಮಾಡಿದ್ದಕ್ಕೆ ನಮ್ಮಲ್ಲಿ ದಾಖಲೆ ಇದ್ದರೆ ಕೊಡಿ ಅಂತ ಕೇಳಿದ್ದಾರೆ. ನಿಮ್ಮ ಕಸದ ವಾಹಿನಿಯಲ್ಲಿ ಏನಾದರೂ ಇದ್ದರೆ ನೋಡಿ."

"ನೋಡ್ತೀನಿ ಸರ್" ಎಂದು ಎದ್ದು ಬಂದಳು.

ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ಇದನ್ನು ಮುಚ್ಚಿಡುವ ಹಕ್ಕು ತನಗೆ ಇದೆಯೇ? ವಿಜ್ಞಾನ ಓದಿದವಳು ತಾನು. ಕೇಳಿದರೆ ಜಗತ್ತೇ ಬೆರಗಾಗುತ್ತದೆ. ಬೆರಗಾದ ಜಗತ್ತು ಮುಂದೆ ಏನು ಮಾಡುತ್ತದೆ? ಹಗ್ಗ ತರುತ್ತದೆ, ಕ್ಯಾಮೆರಾ ತರುತ್ತದೆ, ಕೊರಳಿಗೆ ಪಟ್ಟಿ ಕಟ್ಟುತ್ತದೆ. ಇಲ್ಲವೆಂದರೆ ರಸ್ತೆಗೆ ಕಲ್ಲಿಟ್ಟ ಹಿಂಡು ಎಂದು ಅದೇ ಅರ್ಜಿಗೆ ಪುರಾವೆಯಾಗಿ ಲಗತ್ತಿಸುತ್ತದೆ.

ನಲವತ್ತು ದಿನ ರಸ್ತೆ ಮುಚ್ಚಿತ್ತು. ಯಂತ್ರಗಳು ಕೆಳಗಿನ ಕಡೆಯಿಂದ ಗುಡ್ಡ ಕಡಿಯುತ್ತಾ ಬಂದು ಹೊಸ ದಾರಿ ಕೂಡಿಸಿದವು. ಮೇಲಿನ ಬದಿಯಲ್ಲಿ ಗಾಡಿಯೇ ಬರುತ್ತಿರಲಿಲ್ಲವಾದ್ದರಿಂದ ಐದು ಕಲ್ಲನ್ನು ಯಾರೂ ಮುಟ್ಟಿರಲಿಲ್ಲ. ತೆರೆಯುವ ದಿನ ಬೆಳಿಗ್ಗೆ ತೆಗೆದರಾಯಿತು ಎಂದುಕೊಂಡಿದ್ದರು. ಅದರ ಹಿಂದಿನ ಸಂಜೆ ಗಾಜಿನ ತಂತಿ ಮತ್ತೆ ಕೂಡಿಕೊಂಡಿತು. ರಸ್ತೆಗೆ ಕಿವಿ ಬಂತು. ಕೆಲಸದವರು ಗುಡಾರ ಕಿತ್ತುಕೊಂಡು ಇಳಿದುಹೋದರು.

ಆ ರಾತ್ರಿ ಮಳೆ ಇರಲಿಲ್ಲ. ಹನ್ನೊಂದನೆಯ ತಿರುವು ಎಷ್ಟು ನಿಶ್ಶಬ್ದವಾಗಿತ್ತೆಂದರೆ ತೊರೆಯ ನೀರು ಕೇಳುತ್ತಿತ್ತು. ಎರಡು ಗಂಟೆಯ ಸುಮಾರಿಗೆ ಪರದೆಯ ತಳದಲ್ಲಿ ಆ ಉದ್ದನೆಯ ಮೆತ್ತನೆಯ ಅಲೆ ಎದ್ದಿತು. ಅದರ ಹಿಂದೆ ಎರಡು ಸಣ್ಣ ಅಲೆ.

ನೀಲಗಂಗಾ ಕಾದಳು.

ಈ ಸಲ ಟೊಕ್ ಎನ್ನಲಿಲ್ಲ. ಭಾರ ಇಳಿದ ನೆಲ ಒಂದಿಷ್ಟು ಹಗುರಾಗುವ ಸದ್ದು ಬಂತು, ತಲೆಯ ಮೇಲಿನ ಬುಟ್ಟಿ ಇಳಿಸಿದವರ ಉಸಿರಿನಂತೆ. ತುಸು ಹೊತ್ತಿಗೆ ರಸ್ತೆಯ ಬದಿಯ ಮಣ್ಣಿನ ಮೇಲೆ ಮೆತ್ತಗೆ ಏನೋ ಕೂತಿತು. ಹೀಗೆ ಒಂದು. ಎರಡು. ಮೂರನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ನಾಲ್ಕು. ಐದು. ಕೊನೆಗೆ ಒಣಗಿದ ಎಲೆಗಳು ಡಾಂಬರಿನ ಮೇಲೆ ಎಳೆದುಕೊಂಡು ಹೋದ ಸದ್ದು.

ನಾಳೆ ದಾರಿ ತೆರೆಯುತ್ತದೆ ಎಂದು ಅವರಿಗೆ ಯಾರು ಹೇಳಿದ್ದರು? ನೆಲವೇ ಹೇಳಿರಬೇಕು. ಗುಡ್ಡ ಮತ್ತೆ ಗಟ್ಟಿಯಾಗಿ ನಿಂತಿದೆ ಎಂದು ಕಾಲಿಗೆ ಗೊತ್ತಾಗಿರಬೇಕು. ಅವಳ ಕಣ್ಣಲ್ಲಿ ನೀರು ತುಂಬಿ ಪರದೆ ಕಲಸಿಹೋಯಿತು. ಶಾನಭಾಗ ಮೇಜಿಗೆ ತಲೆಯಾನಿಸಿ ತೂಕಡಿಸುತ್ತಿದ್ದ.

ಪರದೆಯ ಮೂಲೆಯಲ್ಲಿ ಯಂತ್ರದ ಪ್ರಶ್ನೆ ಮೂಡಿತು. ಕಲಿಯುವ ಯಂತ್ರ ಅದು; ಗೊತ್ತಿಲ್ಲದ್ದನ್ನು ಕೇಳುತ್ತದೆ. 'ಈ ಅಲೆ ನಲವತ್ತು ದಿನದ ಹಿಂದೆ ಗುಡ್ಡ ಕುಸಿದ ರಾತ್ರಿಯ ಅಲೆಯನ್ನು ಹೋಲುತ್ತಿದೆ. ಇದೇನು?' ಕೆಳಗೆ ಉತ್ತರಗಳ ಪಟ್ಟಿ. ವಾಹನ. ಮನುಷ್ಯ. ಪ್ರಾಣಿ. ಭೂಕುಸಿತ. ಕಸ.

ಅವಳ ಬೆರಳು 'ಪ್ರಾಣಿ'ಯ ಮೇಲೆ ನಿಂತಿತು. ಒಂದು ಸಲ ಒತ್ತಿದರೆ ಆ ರಾತ್ರಿಯದೂ ಈ ರಾತ್ರಿಯದೂ ದಾಖಲೆಯಾಗಿ ಸಾಹೇಬರ ಕಡತಕ್ಕೆ ಹೋಗುತ್ತವೆ. ವಾಮನ ಪಟಗಾರರ ಹೆಸರು ನೆನಪಾಯಿತು. 'ಕಸ' ಎಂಬ ಪದವನ್ನು ಮತ್ತೆಂದೂ ಒತ್ತುವುದಿಲ್ಲ ಎಂದು ಅವತ್ತು ಆಣೆ ಮಾಡಿಕೊಂಡಿದ್ದಳು. ಆದರೆ ಕಲ್ಲಿನ ಸದ್ದು ಈಗ ಕಸದಲ್ಲಿಲ್ಲ; ಇನ್ನು ಯಾರು ಕಲ್ಲಿಟ್ಟರೂ ರಸ್ತೆ ನಿಲ್ಲುತ್ತದೆ. ಇಟ್ಟವರು ಯಾರೆಂದು ರಸ್ತೆಗೆ ಗೊತ್ತಾಗಬೇಕಾಗಿಲ್ಲ.

ಅವಳು 'ಕಸ' ಎಂದು ಒತ್ತಿದಳು. ಎರಡೂ ರಾತ್ರಿಯ ಅಲೆಗಳು ಪರದೆಯಿಂದ ಮಾಯವಾದವು. ಹೆಡ್‌ಫೋನನ್ನು ಮಾತ್ರ ಅವಳು ತೆಗೆಯಲಿಲ್ಲ.

ಬೆಳಿಗ್ಗೆ ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಇದ್ದ. ರಸ್ತೆ ತೆರೆದ ಸುದ್ದಿ ರೇಡಿಯೋದಲ್ಲಿ ಕೇಳಿದ್ದ.

"ಅಲ್ಲವಾ ನೀಲಾ, ಅವತ್ತ ಆ ಕಲ್ಲ ಯಾರ ಇಟ್ಟಿದ್ರಂತ, ಗೊತ್ತಾತೇನ?"

ಚಪ್ಪಲಿ ಬಿಡಲು ಬಗ್ಗಿದವಳು ಹಾಗೇ ನಿಂತಳು. ಜಗತ್ತಿನಲ್ಲಿ ನಂಬುವವನು ಇವನೊಬ್ಬನೇ. ನಂಬಿದರೆ ಸಂಜೆಯೊಳಗೆ ಚಹಾದಂಗಡಿಯ ಕಟ್ಟೆಯ ಮೇಲೆ ಹತ್ತು ಜನಕ್ಕೆ ಹೇಳುವವನೂ ಇವನೇ. ಇವನಿಗೂ ಬೇಡ, ಶಾನಭಾಗನಿಗೂ ಬೇಡ, ಯಾರಿಗೂ ಬೇಡ.

"ಇಲ್ಲಪ್ಪ. ಯಾರೋ ಡ್ರೈವರ್ ಇರಬೇಕು ಅಂತಾರ."

"ಹೋಗುವಾಗ ಕಲ್ಲ ತಗದ ಹೋಗ್ಯಾರೇನು?"

"ಹೂಂ. ಐದೂ ತಗದ ಬದಿಗಿಟ್ಟಾರ."

ಅಪ್ಪ ತಲೆ ಅಲ್ಲಾಡಿಸಿದ. ಮಂಜುಗಣ್ಣು ಎಲ್ಲೋ ದೂರ ನೋಡಿತು.

"ಹಂಗಾರ ಯಾರೋ ಹಳೇ ಮಂದೀನ ಇರಬೇಕು ಬಿಡು" ಎಂದ.

"ಹೌದಪ್ಪ" ಎಂದು ಅವಳು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.